ಮಸುಕು ವಾಕ್ಯದ ಒಳಗೆ ಏನಿದೆ? ಫ್ರೀಲಾನ್ಸ್ ಬರವಣಿಗೆಗೆ ಇಳಿಯುವವರಿಗೆ

"ವಿಷಯ ಚೆನ್ನಾಗಿದೆ, ಬರವಣಿಗೆ ಇನ್ನೂ ಬಿಗಿಯಾಗಬೇಕು." ಲೇಖನ ಕಳಿಸಿದ ಮೇಲೆ ಸಂಪಾದಕರಿಂದ ಬರುವ ಉತ್ತರಗಳಲ್ಲಿ ಹೊಸಬರನ್ನು ಹೆಚ್ಚು ಗೊಂದಲಕ್ಕೆ ಕೆಡವುವುದು ಇದು. ಬಿಗಿ ಮಾಡುವುದು ಎಂದರೆ ಏನು ಮಾಡುವುದು? ಬಹಳಷ್ಟು ಜನ ಪದ ಬದಲಿಸಲು ಕೂರುತ್ತಾರೆ. ಸರಳ ಪದ ತೆಗೆದು ಘನವಾದದ್ದು ಹಾಕುತ್ತಾರೆ, ಎರಡು ವಿಶೇಷಣ ಸೇರಿಸುತ್ತಾರೆ, ಕೊನೆಗೊಂದು ಗಾದೆ ಅಂಟಿಸುತ್ತಾರೆ. ಲೇಖನ ಇನ್ನಷ್ಟು ಸಡಿಲವಾಗುತ್ತದೆ.

ಕಥೆ, ಕವಿತೆಯ ಮಾತು ಬೇರೆ. ಮಾಹಿತಿ ಕೊಡುವ, ವಿವರಿಸುವ, ವಾದ ಹೂಡುವ ಗದ್ಯದಲ್ಲಿ ಶೈಲಿಯ ದೋಷವೆಂದು ಕಾಣುವುದು ಹೆಚ್ಚಿನ ಸಲ ತಿಳಿವಳಿಕೆಯ ದೋಷ. ಬರೆಯುವವರಿಗೆ ಎಲ್ಲಿ ಸರಿಯಾಗಿ ಗೊತ್ತಿಲ್ಲವೋ ಅಲ್ಲಿ ವಾಕ್ಯ ಉದ್ದವಾಗುತ್ತದೆ, ಕ್ರಿಯಾಪದ ಸೊರಗುತ್ತದೆ, 'ಎನ್ನಲಾಗಿದೆ' ಬಂದು ಕೂರುತ್ತದೆ. ಅಂಥ ವಾಕ್ಯವನ್ನು ತಿದ್ದಲು ಹೊರಟರೆ ನಿಘಂಟಿಗಿಂತ ಮೊದಲು ಟಿಪ್ಪಣಿ ಪುಸ್ತಕ ತೆರೆಯಬೇಕಾಗುತ್ತದೆ. ಒಂದನ್ನು ಹತ್ತಿರದಿಂದ ನೋಡೋಣ:

"ಕಾಫಿಯಲ್ಲಿ ಕೆಫೀನ್ ಎಂಬ ಅಂಶವು ಅಡಕವಾಗಿದ್ದು, ಇದು ದೇಹದಲ್ಲಿ ದೀರ್ಘಕಾಲದವರೆಗೆ ಉಳಿಯುವ ಗುಣವನ್ನು ಹೊಂದಿರುವುದರಿಂದ, ಸಂಜೆಯ ವೇಳೆಯಲ್ಲಿ ಸೇವನೆ ಮಾಡಲ್ಪಟ್ಟಾಗ ನಿದ್ರೆಯ ಮೇಲೆ ದುಷ್ಪರಿಣಾಮವನ್ನು ಬೀರುವ ಸಾಧ್ಯತೆಗಳು ಹೆಚ್ಚಾಗಿರುತ್ತವೆ ಎಂದು ತಜ್ಞರಿಂದ ಅಭಿಪ್ರಾಯ ವ್ಯಕ್ತಪಡಿಸಲಾಗಿದೆ."

ವ್ಯಾಕರಣದ ತಪ್ಪು ಇದರಲ್ಲಿ ಒಂದೂ ಇಲ್ಲ. ಇಂಥ ವಾಕ್ಯಗಳು ದಿನವೂ ಅಚ್ಚಾಗುತ್ತವೆ. ಆದರೆ ಕ್ರಿಯಾಪದಗಳನ್ನಷ್ಟೇ ಆರಿಸಿ ನೋಡಿ: ಅಡಕವಾಗು, ಹೊಂದು, ಸೇವನೆ ಮಾಡಲ್ಪಡು, ಬೀರು, ವ್ಯಕ್ತಪಡಿಸು. ಕಣ್ಣಿಗೆ ಕಟ್ಟುವ ಒಂದು ಕೆಲಸವೂ ನಡೆಯುತ್ತಿಲ್ಲ. ಕಾಫಿ ಕುಡಿದ ಮನುಷ್ಯ ವಾಕ್ಯದಲ್ಲೇ ಇಲ್ಲ. ಈಗ ಪ್ರತಿ ಮಸುಕು ಪದಕ್ಕೂ ಒಂದು ಪ್ರಶ್ನೆ ಹಾಕಿ. ದೀರ್ಘಕಾಲ ಎಂದರೆ ಎಷ್ಟು ಗಂಟೆ? ದುಷ್ಪರಿಣಾಮ ಎಂದರೆ ನಿದ್ದೆ ತಡವಾಗಿ ಬರುವುದೇ, ನಡುವೆ ಎಚ್ಚರವಾಗುವುದೇ? ಕೆಫೀನ್ ಅದನ್ನು ಮಾಡುವುದಾದರೂ ಹೇಗೆ? ಈ ಮೂರಕ್ಕೆ ಉತ್ತರ ಗೊತ್ತಿದ್ದವರು ಮೇಲಿನ ವಾಕ್ಯ ಬರೆಯುವುದೇ ಇಲ್ಲ. ಅವರ ಕೈಯಿಂದ ಬರುವುದು ಇಂಥದ್ದು:

"ಸಂಜೆ ಐದಕ್ಕೆ ಕುಡಿದ ಕಾಫಿಯ ಕೆಫೀನ್ ರಾತ್ರಿ ಹತ್ತಕ್ಕೆ ಹೆಚ್ಚುಕಡಿಮೆ ಅರ್ಧದಷ್ಟು ಇನ್ನೂ ಮೈಯಲ್ಲೇ ಇರುತ್ತದೆ. ನಾವು ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸೇರುತ್ತ ಹೋಗಿ ತೂಕಡಿಕೆ ತರುತ್ತದೆ. ಅದು ಕೂರಬೇಕಾದ ಜಾಗದಲ್ಲಿ ಕೆಫೀನ್ ಕೂತುಬಿಡುತ್ತದೆ. ಹಾಗಾಗಿ ಹಾಸಿಗೆಗೆ ಹೋದರೂ ನಿದ್ದೆ ಹತ್ತುವುದಿಲ್ಲ."

ಪದಗಳು ಇಲ್ಲಿ ಕಡಿಮೆಯಾಗಿಲ್ಲ, ಸಂಗತಿಗಳು ಹೆಚ್ಚಾಗಿವೆ. ಬಿಗಿ ಎಂದು ಸಂಪಾದಕರು ಕೇಳಿದ್ದು ಇದನ್ನೇ. ಇನ್ನೊಂದು ಬದಲಾವಣೆಯನ್ನೂ ಗಮನಿಸಿ: 'ಸಾಧ್ಯತೆಗಳು ಹೆಚ್ಚಾಗಿರುತ್ತವೆ' ಎಂಬ ಜಾರುವ ಮಾತು ಹೋಗಿದೆ. ಎಚ್ಚರಿಕೆಯ ಮಾತು ಬೇಕಿದ್ದರೆ ಅದನ್ನೂ ನಿಖರವಾಗಿ ಹೇಳಬಹುದು: "ಅರ್ಧಕ್ಕಿಳಿಯಲು ಐದು ಗಂಟೆ ಎಂಬುದು ವಯಸ್ಕರ ಸರಾಸರಿ, ಧೂಮಪಾನಿಗಳಲ್ಲಿ ಬೇಗ ಇಳಿಯುತ್ತದೆ, ಗರ್ಭಿಣಿಯರಲ್ಲಿ ಬಹಳ ನಿಧಾನ." ಯಾವುದು ಖಚಿತ, ಯಾವುದು ಅಲ್ಲ ಎಂದು ಓದುಗರಿಗೆ ಈಗ ಗೊತ್ತಾಯಿತು. 'ಇರಬಹುದು ಎನ್ನಲಾಗುತ್ತದೆ' ಎಂದು ಇಡೀ ವಾಕ್ಯದ ಮೇಲೆ ಮಂಜು ಕವಿಸಿದರೆ ಅದು ಗೊತ್ತಾಗುವುದಿಲ್ಲ.

ಇಂಥ ಜಾಗಗಳನ್ನು ಕಣ್ಣಿಂದ ಹುಡುಕಲು ಹೋಗಬೇಡಿ. ನಾವೇ ಬರೆದದ್ದನ್ನು ನಾವು ಓದುವಾಗ ಕಣ್ಣು ಸಲೀಸಾಗಿ ಜಾರಿಬಿಡುತ್ತದೆ. ಕಂಪ್ಯೂಟರಿನ ಹುಡುಕುವ ಸೌಲಭ್ಯ ಬಳಸಿ. ಕನ್ನಡದಲ್ಲಿ ಕರ್ಮಣಿ ಪ್ರಯೋಗ ('ಮಾಡಿದರು' ಎನ್ನುವ ಬದಲು 'ಮಾಡಲಾಯಿತು' ಎನ್ನುವ ಬಗೆ) ಹಿಡಿಯಲು 'ಲಾಗಿ', 'ಲಾಗು', 'ಲಾಯಿತು', 'ಲಾದ', 'ಲ್ಪಡ', 'ಲ್ಪಟ್ಟ' ಎಂಬ ತುಣುಕುಗಳು ಸಾಕು. 'ಮೇಲಾಗಿ', 'ಬದಲಾಗಿ', 'ಬದಲಾಯಿತು' ಕೂಡ ಸಿಕ್ಕಿಹಾಕಿಕೊಳ್ಳುತ್ತವೆ, ಅವನ್ನು ಬಿಟ್ಟು ಮುಂದೆ ಹೋಗಿ. ಉಳಿದ ಪ್ರತಿಯೊಂದರ ಎದುರೂ ನಿಂತು 'ಯಾರು?' ಎಂದು ಕೇಳಿ. "ನೀರಿನ ಪರೀಕ್ಷೆ ನಡೆಸಲಾಯಿತು." ಯಾರು ನಡೆಸಿದರು? ಉತ್ತರ ಗೊತ್ತಿದ್ದರೆ ಅವರನ್ನು ವಾಕ್ಯದೊಳಗೆ ತನ್ನಿ. ಗೊತ್ತಿಲ್ಲದಿದ್ದರೆ ಫೋನ್ ಮಾಡಿ ಕೇಳಿ. ಯಾರು ಮಾಡಿದರು ಎಂಬುದು ನಿಜಕ್ಕೂ ಮುಖ್ಯವಲ್ಲದ ಕಡೆ, "ಅಂಚೆಚೀಟಿಯ ಹಿಂದೆ ಅಂಟು ಸವರಲಾಗಿರುತ್ತದೆ" ಎಂಬಂಥಲ್ಲಿ, ಕರ್ಮಣಿ ಇದ್ದರೆ ಇರಲಿ. ಅದನ್ನು ಬೇರುಸಹಿತ ಕಿತ್ತುಹಾಕಬೇಕು ಎಂಬ ಸಲಹೆ ಅತಿ ಎನ್ನುವುದು ನನ್ನ ಅಭಿಪ್ರಾಯ.

'ಎನ್ನಲಾಗಿದೆ', 'ಹೇಳಲಾಗುತ್ತದೆ' ಮಾತ್ರ ಬೇರೆ ಜಾತಿಯವು. ಅವುಗಳಿಗೆ ರಿಯಾಯಿತಿ ಕೊಡಬೇಡಿ. ಆಡುಮಾತಿನಲ್ಲಿ 'ಅಂತೆ' ಎಂದಾಗ ಅದು ಕೇಳಿದ ಮಾತು ಎಂದು ಎದುರಿನವರಿಗೆ ಸ್ಪಷ್ಟವಾಗಿ ತಿಳಿಯುತ್ತದೆ, 'ಯಾರು ಹೇಳಿದ್ದು?' ಎಂದು ಅವರು ತಿರುಗಿ ಕೇಳಲೂಬಹುದು. 'ಎನ್ನಲಾಗಿದೆ' ಅದೇ ಗಾಳಿಸುದ್ದಿಗೆ ಅಧಿಕೃತದ ವೇಷ ಹಾಕುತ್ತದೆ, ಓದುಗರಿಗೆ ತಿರುಗಿ ಕೇಳುವ ಅವಕಾಶವೂ ಇರುವುದಿಲ್ಲ. ಹೇಳಿದವರ ಹೆಸರೋ ಹುದ್ದೆಯೋ ದಾಖಲೆಯೋ ಸಿಗದಿದ್ದರೆ ಆ ಸಂಗತಿ ಲೇಖನದಲ್ಲಿ ಬೇಕೇ ಎಂದು ಯೋಚಿಸಬೇಕು.

ಎರಡನೇ ಸುತ್ತಿಗೆ 'ಹೊಂದಿ' ಎಂದು ಹುಡುಕಿ. "ಈ ಯಂತ್ರವು ಮೂರು ಭಾಗಗಳನ್ನು ಹೊಂದಿದೆ" ಎಂಬುದು "ಈ ಯಂತ್ರದಲ್ಲಿ ಮೂರು ಭಾಗ" ಎಂದಾಗಲಿ. ಆಮೇಲೆ 'ನಡೆಸಿ', 'ನೀಡಿ', 'ಕೈಗೊ' ಎಂದು ಹುಡುಕಿದರೆ ನಾಮಪದದ ಹಿಂದೆ ಅಡಗಿದ ಕ್ರಿಯೆಗಳು ಹೊರಬರುತ್ತವೆ: ಪರಿಶೀಲನೆ ನಡೆಸಿದರು (ಪರಿಶೀಲಿಸಿದರು), ಭೇಟಿ ನೀಡಿದರು (ಹೋಗಿ ನೋಡಿದರು), ಪ್ರಯಾಣ ಕೈಗೊಂಡರು (ಹೊರಟರು). ಇಲ್ಲಿ ಉಳಿತಾಯವಾಗುವುದು ಹೆಚ್ಚೆಂದರೆ ಒಂದು ಪದ, ಆದರೆ ಒಂದು ಪ್ಯಾರಾದಲ್ಲಿ ನಾಲ್ಕು ಕಡೆ ಹೀಗೆ ಮಾಡಿದರೆ ಓಟವೇ ಬದಲಾಗುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು 'ಇದ್ದು' (ಹುಡುಕುವಾಗ 'ದ್ದು' ಎಂದು ಕೊಡಿ). ಸುದ್ದಿಬರಹದಿಂದ ಎಲ್ಲರ ಕೈಗೂ ಅಂಟಿರುವ ರೂಢಿ ಇದು: ಆಗಿದ್ದು, ಇದ್ದು, ಮಾಡಿದ್ದು ಎಂದು ಒಂದು ಅಲ್ಪವಿರಾಮ ಹಾಕಿ ಮುಂದಿನ ಮಾತಿಗೆ ಹಾರುವುದು. "ಸೇತುವೆ ಶಿಥಿಲವಾಗಿದ್ದು, ಲಾರಿಗಳು ಸಂಚರಿಸುತ್ತಿವೆ." ಈ ಎರಡು ಸಂಗತಿಗಳಿಗೆ ಏನು ಸಂಬಂಧ? ಶಿಥಿಲವಾದರೂ ಸಂಚರಿಸುತ್ತಿವೆಯೇ? ಸಂಚರಿಸಿದ್ದರಿಂದಲೇ ಶಿಥಿಲವಾಯಿತೇ? 'ಇದ್ದು' ಎರಡನ್ನೂ ಹೇಳದೆ ಹೊಲಿಗೆ ಹಾಕಿಬಿಡುತ್ತದೆ. ಬರೆದವರೂ ಅದನ್ನು ಯೋಚಿಸಿರುವುದಿಲ್ಲ. 'ಆದರೂ', 'ಆದ್ದರಿಂದ', 'ಆಮೇಲೆ', 'ಆದರೆ' ಇವುಗಳಲ್ಲಿ ಒಂದನ್ನು ಆರಿಸಲೇಬೇಕು ಎಂದು ಪಟ್ಟುಹಿಡಿದು ಕೂತರೆ ಎಷ್ಟೋ ಸಲ ಸಂಬಂಧವೇ ಇಲ್ಲ ಎಂದು ಗೊತ್ತಾಗುತ್ತದೆ. ಆಗ ಪೂರ್ಣವಿರಾಮ ಹಾಕಿ ಎರಡು ವಾಕ್ಯ ಮಾಡಿ. ಎರಡು ಕ್ರಿಯೆಗಳ ನಡುವಿನ 'ಮತ್ತು' ಕೂಡ ಇದೇ ಬಗೆಯದು. 'ಅವರು ಬಂದರು ಮತ್ತು ಕುಳಿತರು' ಎಂದು ಯಾರೂ ಮಾತಾಡುವುದಿಲ್ಲ, 'ಬಂದು ಕುಳಿತರು' ಎನ್ನುತ್ತಾರೆ.

ಹಾಗೆ 'ಬಂದು', 'ನೋಡಿ', 'ತೆರೆದು' ಬಳಸುವಾಗ ಒಂದು ಅಪಾಯವೂ ಇದೆ. "ಬಾಗಿಲು ತೆರೆದು ನಾಯಿ ಒಳಗೆ ಬಂತು" ಎಂದರೆ ಬಾಗಿಲು ತೆರೆದದ್ದು ನಾಯಿಯೇ ಎಂದಾಗುತ್ತದೆ. ಮೊದಲ ಕ್ರಿಯೆ ಯಾರದೋ ಕೊನೆಯ ಕ್ರಿಯೆಯೂ ಅವರದೇ ಎಂದು ಓದುಗರು ಎಣಿಸುತ್ತಾರೆ. "ಮಳೆ ಬಂದು ಬೆಳೆ ಹಾಳಾಯಿತು" ಎಂಬಂಥ ಕಾರಣದ ವಾಕ್ಯಗಳಲ್ಲಿ ಇದಕ್ಕೆ ವಿನಾಯಿತಿ ಇದೆ. ಉಳಿದ ಕಡೆ "ಬಾಗಿಲು ತೆರೆದ ಕೂಡಲೇ ನಾಯಿ ಒಳಗೆ ಬಂತು" ಎಂದು ಬಿಡಿಸಿ ಬರೆಯಬೇಕು. ಉದ್ದ ವಾಕ್ಯದಲ್ಲಿ ಈ ತಪ್ಪು ಸುಲಭವಾಗಿ ಕಣ್ತಪ್ಪುತ್ತದೆ.

ಉದ್ದದ ವಿಷಯ ಬಂತು. ಇಷ್ಟೇ ಪದ ಇರಬೇಕೆಂಬ ನಿಯಮ ನಂಬಬೇಡಿ, ಓದುಗರು ಕೊನೆಯ ಕ್ರಿಯಾಪದಕ್ಕಾಗಿ ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ನೋಡಿ. ಕನ್ನಡದಲ್ಲಿ ವಿಶೇಷಣವೆಲ್ಲ ನಾಮಪದದ ಮುಂಚೆ ಬರುತ್ತದೆ, ಕ್ರಿಯಾಪದ ಕೊನೆಗೆ. "ಕಳೆದ ವರ್ಷ ಸರ್ಕಾರ ನೇಮಿಸಿದ ಸಮಿತಿ ಸಲ್ಲಿಸಿದ ವರದಿಯಲ್ಲಿ ಸೂಚಿಸಿದ್ದ ಬದಲಾವಣೆಗಳನ್ನು ಶಾಲೆಗಳು ಇನ್ನೂ ಜಾರಿಗೆ ತಂದಿಲ್ಲ." ಸರ್ಕಾರ, ಸಮಿತಿ, ವರದಿ, ಬದಲಾವಣೆ, ಶಾಲೆ ಎಲ್ಲವನ್ನೂ ಕೈಯಲ್ಲಿ ಹಿಡಿದುಕೊಂಡೇ ಓದುಗರು ಕೊನೆ ಮುಟ್ಟಬೇಕು. ಬಿಡಿಸಿದರೆ: "ಸರ್ಕಾರ ಕಳೆದ ವರ್ಷ ಒಂದು ಸಮಿತಿ ನೇಮಿಸಿತು. ಸಮಿತಿ ಕೆಲವು ಬದಲಾವಣೆಗಳನ್ನು ಸೂಚಿಸಿ ವರದಿ ಕೊಟ್ಟಿತು. ಶಾಲೆಗಳು ಅವನ್ನು ಇನ್ನೂ ಜಾರಿಗೆ ತಂದಿಲ್ಲ." ಒಂದು ನಾಮಪದಕ್ಕೆ ಇಂಥ ಒಂದು ವಿಶೇಷಣ ವಾಕ್ಯ ಸಹಜ, ಎರಡಾದರೆ ತಡೆದುಕೊಳ್ಳಬಹುದು, ಮೂರನೆಯದು ಬಂದ ಕೂಡಲೇ ಕತ್ತರಿಸಿ. ಎಲ್ಲವನ್ನೂ ನಾಲ್ಕೈದು ಪದಕ್ಕೆ ಕೊಚ್ಚಿದರೂ ಕಷ್ಟ. ಎಲ್ಲ ಸಂಗತಿಗೂ ಒಂದೇ ತೂಕ ಬಂದು, ಯಾವುದು ಮುಖ್ಯವೆಂದೇ ತಿಳಿಯುವುದಿಲ್ಲ.

ತೂಕ ಎಲ್ಲಿ ಬೀಳಬೇಕೆಂದು ತೋರಿಸಲು ಕನ್ನಡದಲ್ಲಿ ಎರಡು ಒಳ್ಳೆಯ ದಾರಿಗಳಿವೆ. ಒಂದು, ಕ್ರಿಯಾಪದಕ್ಕೆ ಸರಿಯಾಗಿ ಮುಂಚಿನ ಜಾಗ. "ನಿನ್ನೆ ಮೇಷ್ಟ್ರು ಪತ್ರ ಬರೆದರು", "ಪತ್ರವನ್ನು ನಿನ್ನೆ ಮೇಷ್ಟ್ರು ಬರೆದರು" ಎರಡನ್ನೂ ಗಟ್ಟಿಯಾಗಿ ಓದಿದರೆ ಒತ್ತು ಎಲ್ಲಿಂದ ಎಲ್ಲಿಗೆ ಹೋಯಿತೆಂದು ಕಿವಿಗೇ ಗೊತ್ತಾಗುತ್ತದೆ. ಇನ್ನೊಂದು, ಕ್ರಿಯೆಯನ್ನು ಮುಂದಕ್ಕೆ ತಂದು ಹೊಸ ಸಂಗತಿಯನ್ನು ಕೊನೆಗಿಡುವುದು: "ನೀರು ನಿಂತಿದ್ದು ಮಳೆ ಹೆಚ್ಚಾಗಿದ್ದರಿಂದಲ್ಲ, ಚರಂಡಿ ಕಟ್ಟಿಕೊಂಡಿದ್ದರಿಂದ." ಈ ರಚನೆ ಬಲವಾದದ್ದು, ಅದಕ್ಕೇ ಪುಟಕ್ಕೆ ಒಂದೆರಡು ಸಲಕ್ಕಿಂತ ಹೆಚ್ಚು ಬೇಡ. ಪ್ರತಿ ಪ್ಯಾರಾದಲ್ಲೂ 'ಅಲ್ಲ... ಅಲ್ಲ... ಇದು' ಎಂದು ಬಂದರೆ ಭಾಷಣದ ವಾಸನೆ ಹೊಡೆಯುತ್ತದೆ.

ಪದಗಳ ವಿಷಯದಲ್ಲಿ ಶಾಲೆಯ ಪ್ರಬಂಧದಿಂದ ಬಂದ ಒಂದು ಅಭ್ಯಾಸವನ್ನು ಬಿಡಲೇಬೇಕು: ಒಂದೇ ಪದ ಎರಡು ಸಲ ಬರಬಾರದೆಂಬ ಹೆದರಿಕೆ. ಮೊದಲ ಪ್ಯಾರಾದಲ್ಲಿ ವೈರಸ್, ಎರಡನೆಯದರಲ್ಲಿ ವೈರಾಣು, ಮೂರನೆಯದರಲ್ಲಿ ರೋಗಾಣು ಎಂದರೆ ಓದುಗರು ಮೂರು ಬೇರೆ ಬೇರೆ ವಸ್ತುಗಳೆಂದುಕೊಳ್ಳುತ್ತಾರೆ. ರೋಗಾಣುವಿನಲ್ಲಿ ಬ್ಯಾಕ್ಟೀರಿಯಾ ಕೂಡ ಸೇರುವುದರಿಂದ ಅಲ್ಲಿ ಅರ್ಥವೇ ತಪ್ಪುತ್ತದೆ. ಪಾರಿಭಾಷಿಕ ಪದವನ್ನು ಮೊದಲ ಸಲ ಬಂದಾಗ ಒಂದು ಸಾಲಿನಲ್ಲಿ ವಿವರಿಸಿ, ಆಮೇಲೆ ಕೊನೆಯವರೆಗೆ ಅದನ್ನೇ ಬಳಸಿ. 'ಹೋಗುತ್ತಾರೆ' ಮತ್ತು 'ಹೋಗ್ತಾರೆ' ನಡುವೆಯೂ ಹೀಗೆಯೇ ಮೊದಲೇ ಒಂದನ್ನು ಆರಿಸಿಕೊಳ್ಳಿ. ಬೇರೆಯವರ ಮಾತನ್ನು ಉದ್ಧರಿಸುವಾಗ ಅವರ ಆಡುನುಡಿ ಹಾಗೇ ಇರಲಿ, ತಿದ್ದಿ ಗ್ರಾಂಥಿಕ ಮಾಡಬೇಡಿ. ವ್ಯಕ್ತಿಗಳನ್ನು ಬಹುವಚನದಲ್ಲಿ ಕರೆದರೆ ಕೊನೆಯವರೆಗೂ ಬಹುವಚನವೇ ಇರಲಿ. ಒಂದೇ ಪುಟದಲ್ಲಿ ಒಬ್ಬ ವಿಜ್ಞಾನಿ 'ಕಂಡುಹಿಡಿದರು', ಇನ್ನೊಬ್ಬ 'ಕಂಡುಹಿಡಿದ' ಎಂದಾಗಬಾರದು. 

ಅಂಕಿ ಬಂದ ಕಡೆ ನಿಧಾನಿಸಿ. ಫ್ರೀಲಾನ್ಸರ್ ಮೇಲೆ ಸಂಪಾದಕರು ನಂಬಿಕೆ ಕಳೆದುಕೊಳ್ಳಲು ಇಲ್ಲಿನ ಒಂದು ತಪ್ಪು ಸಾಕು. ಬಡ್ಡಿ ದರ ಶೇ. 4ರಿಂದ ಶೇ. 6ಕ್ಕೆ ಹೋದರೆ ಅದು ಶೇ. 2ರ ಏರಿಕೆ ಅಲ್ಲ. ಎರಡು ಶೇಕಡಾ ಅಂಶಗಳ ಏರಿಕೆ, ಮೊದಲಿನ ದರಕ್ಕೆ ಹೋಲಿಸಿದರೆ ಶೇ. 50. ಇಂಗ್ಲಿಷ್ ಮೂಲದಿಂದ ಬರೆಯುವಾಗ 1 ಮಿಲಿಯನ್ 10 ಲಕ್ಷ, 1 ಬಿಲಿಯನ್ 100 ಕೋಟಿ, 1 ಟ್ರಿಲಿಯನ್ 1 ಲಕ್ಷ ಕೋಟಿ. ಒಂದು ಸೊನ್ನೆ ಜಾರಿದರೆ ಹತ್ತು ಪಟ್ಟು ಸುಳ್ಳು ಅಚ್ಚಾಗುತ್ತದೆ, ಆದ್ದರಿಂದ ಈ ಲೆಕ್ಕವನ್ನು ಬಾಯಲ್ಲಿ ಮಾಡಬೇಡಿ, ಬರೆದು ಮಾಡಿ. 'ದುಪ್ಪಟ್ಟಾಯಿತು' ಎನ್ನುವ ಮೊದಲು ಮೂಲ ಸಂಖ್ಯೆ ಕೊಡಿ. ಎರಡು ನಾಲ್ಕಾದದ್ದೂ ದುಪ್ಪಟ್ಟೇ, ಎರಡು ಸಾವಿರ ನಾಲ್ಕು ಸಾವಿರವಾದದ್ದೂ ದುಪ್ಪಟ್ಟೇ. ಒಂದು ವಾಕ್ಯದಲ್ಲಿ ಎರಡಕ್ಕಿಂತ ಹೆಚ್ಚು ಸಂಖ್ಯೆ ಇದ್ದರೆ ಮೂರನೆಯದು ಯಾರ ತಲೆಯಲ್ಲೂ ಉಳಿಯುವುದಿಲ್ಲ.

ಇಲ್ಲಿಯವರೆಗೆ ವಾಕ್ಯದ ಮಟ್ಟದ ಕೆಲಸ ಹೇಳಿದ್ದಾಯಿತು, ಆದರೆ ತಿದ್ದಲು ಕೂತಾಗ ಇದು ಮೊದಲ ಕೆಲಸವಲ್ಲ. ಮೊದಲು ಪ್ಯಾರಾಗಳನ್ನು ನೋಡಿ. ಪ್ರತಿ ಪ್ಯಾರಾದ ಪಕ್ಕ ಅದು ಏನು ಹೇಳುತ್ತದೆಂದು ಐದಾರು ಪದಗಳಲ್ಲಿ ಬರೆಯಿರಿ, ಆಮೇಲೆ ಆ ಟಿಪ್ಪಣಿಗಳನ್ನಷ್ಟೇ ಮೇಲಿಂದ ಕೆಳಗೆ ಓದಿ. ಒಂದೇ ಟಿಪ್ಪಣಿ ಎರಡು ಕಡೆ ಬಂದಿದ್ದರೆ ಒಂದು ಪ್ಯಾರಾ ಹೋಗಬೇಕು ಅಥವಾ ಎರಡೂ ಒಂದಾಗಬೇಕು. ಟಿಪ್ಪಣಿಯಲ್ಲಿ 'ಮತ್ತೆ ಇದೂ' ಎಂದು ಬರೆಯಬೇಕಾಗಿ ಬಂದರೆ ಅದು ಎರಡು ಪ್ಯಾರಾ. ಟಿಪ್ಪಣಿಯೇ ಹೊಳೆಯದಿದ್ದರೆ ಆ ಪ್ಯಾರಾ ಏನೂ ಹೇಳುತ್ತಿಲ್ಲ. ಈ ಕೆಲಸ ಬಿಟ್ಟು ನೇರವಾಗಿ ವಾಕ್ಯ ತಿದ್ದಲು ಹೋದವರು ಒಂದು ಗಂಟೆ ನಯಗೊಳಿಸಿದ ಪ್ಯಾರಾವನ್ನು ಆಮೇಲೆ ಕಿತ್ತುಹಾಕಬೇಕಾಗುತ್ತದೆ. ಇನ್ನೂ ಕೆಟ್ಟದ್ದೆಂದರೆ, ಪಟ್ಟ ಶ್ರಮ ನೆನೆದು ಅಳಿಸಲು ಮನಸ್ಸು ಬಾರದೆ ಹಾಗೇ ಉಳಿಸಿಕೊಳ್ಳುತ್ತಾರೆ.

ಆರಂಭಕ್ಕೆ ಒಂದು ಸುಲಭ ಪರೀಕ್ಷೆ: ಮೊದಲ ಪ್ಯಾರಾವನ್ನು ಬೆರಳಿಂದ ಮುಚ್ಚಿ ಎರಡನೆಯದರಿಂದ ಓದಿ. ಏನೂ ಕಳೆದುಹೋಗದಿದ್ದರೆ ಮೊದಲನೆಯದನ್ನು ಅಳಿಸಿ. 'ಇಂದಿನ ಆಧುನಿಕ ಯುಗದಲ್ಲಿ', 'ಅನಾದಿ ಕಾಲದಿಂದಲೂ', 'ಎಲ್ಲರಿಗೂ ತಿಳಿದಿರುವಂತೆ' ಎಂದು ಶುರುವಾದವು ಬಹುತೇಕ ಎಲ್ಲವೂ ಈ ಪರೀಕ್ಷೆಯಲ್ಲಿ ಹೋಗುತ್ತವೆ. ಅವು ಬರೆಯುವವರು ಕೈ ಸಡಿಲಿಸಿಕೊಳ್ಳಲು ಬರೆದ ಸಾಲುಗಳು.

ಕೊನೆಯ ಸುತ್ತು ಕಿವಿಯದು. ಒಂದು ರಾತ್ರಿಯಾದರೂ ಬಿಟ್ಟು, ಗಟ್ಟಿಯಾಗಿ, ಎದುರಿಗೆ ಒಬ್ಬರು ಕೂತಿದ್ದಾರೆಂಬಂತೆ ಓದಿ. ಉಸಿರು ಸಾಲದ ಕಡೆ ಗೆರೆ ಹಾಕಿ. ಎರಡನೇ ಸಲ ಓದಬೇಕಾದ ಕಡೆ ಇನ್ನೊಂದು ಗೆರೆ. ನಾಲಿಗೆ ತಾನಾಗಿ ಪದ ಬದಲಿಸಿದರೆ, 'ಆಗಮಿಸಿದರು' ಎಂದು ಬರೆದದ್ದನ್ನು 'ಬಂದರು' ಎಂದು ಓದಿದರೆ, ನಾಲಿಗೆ ಹೇಳಿದ್ದನ್ನೇ ಬರೆದುಕೊಳ್ಳಿ. ಓದುತ್ತ ಓದುತ್ತ ತಿದ್ದಬೇಡಿ, ಲಯ ತಪ್ಪುತ್ತದೆ. ಮೊದಲು ಗೆರೆ ಮಾತ್ರ. ನಿಮ್ಮ ದನಿಯೇ ತಪ್ಪನ್ನು ಮುಚ್ಚಿಹಾಕುತ್ತಿದೆ ಎನಿಸಿದರೆ ಫೋನಿನ ಓದಿ ಹೇಳುವ ಸೌಲಭ್ಯಕ್ಕೆ ಕೊಡಿ. ಅದು ಭಾವವಿಲ್ಲದೆ ಓದುವುದರಿಂದ ಎಡವುವ ಜಾಗ ಎದ್ದು ಕೇಳಿಸುತ್ತದೆ.

ತಿದ್ದುವುದರ ಆಚೆ, ದಿನದ ಅಭ್ಯಾಸವಾಗಿ ಮಾಡಬಹುದಾದ ಒಂದೇ ಒಂದನ್ನು ಆರಿಸಿಕೊಳ್ಳುವುದಾದರೆ ಅಮೆರಿಕದ ಬರಹಗಾರ, ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಹದಿಹರೆಯದಲ್ಲಿ ಮಾಡಿದ್ದನ್ನು ಆರಿಸಿಕೊಳ್ಳಿ. ಲಂಡನ್ನಿನ 'ಸ್ಪೆಕ್ಟೇಟರ್' ಪತ್ರಿಕೆಯ ಪ್ರಬಂಧ ತೆಗೆದುಕೊಂಡು, ಪ್ರತಿ ವಾಕ್ಯದ ಭಾವವನ್ನು ಚುಟುಕಾಗಿ ಗುರುತು ಹಾಕಿ, ಕೆಲವು ದಿನ ಬಿಟ್ಟು ಮೂಲ ನೋಡದೆ ಆ ಗುರುತುಗಳಿಂದ ಮತ್ತೆ ಪ್ರಬಂಧ ಬರೆದು, ಮೂಲದ ಜೊತೆ ಹೋಲಿಸಿ ತಿದ್ದಿಕೊಳ್ಳುತ್ತಿದ್ದರು. ಗುರುತುಗಳನ್ನು ಕಲಸಿಟ್ಟು ವಾರಗಳ ನಂತರ ಸರಿಯಾದ ಕ್ರಮಕ್ಕೆ ಜೋಡಿಸುವುದನ್ನೂ ಮಾಡುತ್ತಿದ್ದರು, ವಿಚಾರಗಳ ಕ್ರಮ ಕಲಿಯಲು. ಕನ್ನಡದಲ್ಲಿ ಇದನ್ನು ಮಾಡಲು ನೀವು ಮೆಚ್ಚುವ ವಿವರಣೆಯ ಗದ್ಯದ 300 ಪದ ಸಾಕು. ವಾಕ್ಯಕ್ಕೆ ಮೂರು ನಾಲ್ಕು ಪದದ ಗುರುತು, ಮೂರು ದಿನದ ಬಿಡುವು, ಆಮೇಲೆ ಬರಹ. ಹೋಲಿಸುವಾಗ ಎಲ್ಲವನ್ನೂ ನೋಡಲು ಹೋಗದೆ ಮೂರನ್ನಷ್ಟೇ ನೋಡಿ: ಅವರು ಯಾವ ಕ್ರಿಯಾಪದ ಬಳಸಿದ್ದಾರೆ, ಎಲ್ಲಿ ಪೂರ್ಣವಿರಾಮ ಹಾಕಿದ್ದಾರೆ, ಯಾವ ಸಂಗತಿಯನ್ನು ಮೊದಲು ಹೇಳಿದ್ದಾರೆ. ಗುರುತು ಉದ್ದವಾದರೆ ಅಭ್ಯಾಸ ಕೆಡುತ್ತದೆ, ಅದು ನೆನಪಿನ ಪರೀಕ್ಷೆಯಾಗಿಬಿಡುತ್ತದೆ. ಒಬ್ಬರದ್ದೇ ಗದ್ಯ ತಿಂಗಳುಗಟ್ಟಲೆ ತೆಗೆದುಕೊಂಡರೆ ಅವರ ವಕ್ರತೆಗಳೂ ಕೈಗೆ ಬರುತ್ತವೆ, ಬದಲಿಸುತ್ತಿರಿ.

ಇನ್ನು ಕಳಿಸುವುದು. ಕೇಳಿದ ಪದಮಿತಿ ಮೀರಬೇಡಿ. 800 ಕೇಳಿದವರಿಗೆ 1,200 ಕಳಿಸಿದರೆ ಯಾವ 400 ಹೋಗಬೇಕೆಂದು ಅವರು ತೀರ್ಮಾನಿಸುತ್ತಾರೆ, ಅವಸರದಲ್ಲಿದ್ದರೆ ಕೊನೆಯ 400. ಯೂನಿಕೋಡ್‌ನಲ್ಲೇ (ಫಾಂಟ್ ಬದಲಾದರೂ ಅಕ್ಷರ ಬದಲಾಗದ ಸಂಕೇತ ಪದ್ಧತಿ) ಬರೆಯಿರಿ. ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ಪರಿವರ್ತಿಸಿದ್ದರೆ ಅರ್ಕಾವತ್ತು, ಒತ್ತಕ್ಷರ ಇರುವ ಪದಗಳನ್ನು ಒಂದೊಂದಾಗಿ ನೋಡಿ. 'ಸಾಫ್ಟ್‌ವೇರ್'ನಂಥ ಪದಗಳ ನಡುವೆ ಕಣ್ಣಿಗೆ ಕಾಣದ ಒಂದು ಬೇರ್ಪಡಿಸುವ ಅಕ್ಷರ ಇರುತ್ತದೆ, ಅದು ಬಿಟ್ಟುಹೋದರೆ ವ ಕೆಳಗೆ ಒತ್ತಾಗಿ ಕೂರುತ್ತದೆ. 'ಎಲ್ಲ' ಅಥವಾ 'ಎಲ್ಲಾ', 'ಶೇ.' ಅಥವಾ 'ಪ್ರತಿಶತ', ಕನ್ನಡ ಅಂಕಿಯೋ ಬೇರೆಯದೋ, ಆ ಪತ್ರಿಕೆ ಯಾವುದು ಬಳಸುತ್ತದೆಂದು ಅದರ ಎರಡು ಲೇಖನ ಓದಿದರೆ ತಿಳಿಯುತ್ತದೆ. ಅದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಲೇಖನ ಪ್ರಕಟವಾದ ಮೇಲೆ ನಿಮ್ಮ ಪ್ರತಿಯನ್ನೂ ಅಚ್ಚಾದದ್ದನ್ನೂ ಅಕ್ಕಪಕ್ಕ ಇಟ್ಟು ಸಾಲು ಸಾಲಾಗಿ ನೋಡಿ. ಎಲ್ಲಿ ಕತ್ತರಿಸಿದ್ದಾರೆ, ಯಾವ ಪದ ಬದಲಿಸಿದ್ದಾರೆ, ಯಾವ ವಾಕ್ಯ ಎರಡಾಗಿದೆ ಎಂದು ಗುರುತಿಸಿ. ಎಲ್ಲ ಬದಲಾವಣೆಯೂ ಸರಿಯೇ ಆಗಿರಬೇಕೆಂದಿಲ್ಲ. ಕೆಲವು ಜಾಗಕ್ಕಾಗಿ, ಕೆಲವು ಸಂಪಾದಕರ ರುಚಿ. ಆದರೆ ನಾಲ್ಕೈದು ಲೇಖನಗಳಲ್ಲಿ ಒಂದೇ ಬಗೆಯ ತಿದ್ದುಪಡಿ ಮತ್ತೆ ಮತ್ತೆ ಕಂಡರೆ, ಆ ಪದವನ್ನೋ ತುಣುಕನ್ನೋ ನಿಮ್ಮ ಹುಡುಕುವ ಪಟ್ಟಿಗೆ ಸೇರಿಸಿ, 'ಲಾಗಿ', 'ಹೊಂದಿ', 'ದ್ದು'ಗಳ ಕೆಳಗೆ.